ಪ್ರೊಸೆಸರ್ 64, ಬಾಗಿಲು 32: ಲಿನಕ್ಸ್ ಪೆನ್‌ಡ್ರೈವ್ ಒಪ್ಪದ ನನ್ನ ನೆಟ್‌ಬುಕ್

11 ಇಂಚಿನ ಸ್ಕ್ರೀನು, 2 ಜಿಬಿ ರ‍್ಯಾಮು, 32 ಜಿಬಿ ಇಎಂಎಂಸಿ ಸ್ಟೋರೇಜು, ಒಳಗೆ ಇಂಟೆಲ್ಲಿನ ಬೇ ಟ್ರೇಲ್ ಆಟಮ್ ಝಡ್3735ಎಫ್ ಪ್ರೊಸೆಸರ್, ಇದೆಲ್ಲ ನೀವು ಎಲ್ಲಾದ್ರೂ ನೋಡಿರ್ತೀರಿ, ಅದನ್ನ ಮತ್ತೆ ಬರೆಯಲ್ಲ. ನಾನು ಬರೀತಿರೋದು ಡಬ್ಬದ ಮೇಲೂ ಇಲ್ಲದ, ಅಂಗಡಿಯವರೂ ಹೇಳದ ಒಂದು ವಿಷಯದ ಬಗ್ಗೆ, ಅದೊಂದು ಗೊತ್ತಿಲ್ದೆ ಒಂದಿಡೀ ಮಳೆಗಾಲ ಈ ಮಿಷನ್ ಮೇಜಿನ ಮೇಲೆ ಸುಮ್ನೆ ಕೂತಿತ್ತು. ಕಂಪನಿ ಹೆಸರು ಹಾಕ್ತಿಲ್ಲ, ಯಾಕಂದ್ರೆ ಇದೇ ಪ್ರೊಸೆಸರ್ ಇರೋ ಬೇರೆ ಬೇರೆ ಕಂಪನಿಗಳ ನೆಟ್‌ಬುಕ್ಕು, ಟ್ಯಾಬ್ಲೆಟ್ಟು ತುಂಬದ್ರಲ್ಲಿ ಇದೇ ಕತೆ.

ನಮ್ಮದು ಕೊಡಗಿನ ಸುಂಟಿಕೊಪ್ಪದ ಹತ್ರ ಸಣ್ಣ ರೊಬಸ್ಟಾ ತೋಟ, ಜೊತೆಗೆ ಮರಕ್ಕೆ ಹಬ್ಬಿಸಿದ ಮೆಣಸು. ನಂಗೆ ಬೇಕಿದ್ದಿದ್ದು ಆಳುಗಳ ಸಂಬಳದ ಲೆಕ್ಕ, ಚೆರಿ ಎಷ್ಟು ಮೂಟೆ ಆಯ್ತು, ಗೊಬ್ಬರಕ್ಕೆ ಎಷ್ಟು ಹೋಯ್ತು ಅನ್ನೋ ಹಾಳೆ, ಆಮೇಲೆ ಮಳೆ ಲೆಕ್ಕ, ಇಷ್ಟೇ. ಇದಕ್ಕೆ ಮೂವತ್ತು ನಲವತ್ತು ಸಾವಿರ ಸುರಿಯೋ ಮನಸ್ಸಿರಲಿಲ್ಲ, ಕಾಫಿಗೆ ರೇಟ್ ಬಂದ ವರ್ಷವೂ ಕಪಾತು, ಗೊಬ್ಬರ, ಕೂಲಿ ಅಂತ ಮುಗಿದು ಹೋಗತ್ತೆ. ಸೆಕೆಂಡ್ ಹ್ಯಾಂಡಲ್ಲಿ ಎಂಟು ಸಾವಿರದೊಳಗೆ ಇದು ಸಿಕ್ತು, ತಗೊಂಡೆ.

ವಿಂಡೋಸ್ ಜೊತೆ ಬಂದಿತ್ತು. 32 ಜಿಬಿಯಲ್ಲಿ ವಿಂಡೋಸು, ಅದರ ರಿಕವರಿ ಪಾರ್ಟಿಷನ್ನು, ಅಪ್‌ಡೇಟಿನ ಕಸ ಎಲ್ಲ ಸೇರಿ ಉಳಿದ ಜಾಗ ಏನೂ ಇಲ್ಲ, ಅಪ್‌ಡೇಟ್ ಬಂತು ಅನ್ನತ್ತೆ, ಇಳಿಸೋಕೆ ಜಾಗ ಇಲ್ಲ ಅನ್ನತ್ತೆ, ಮತ್ತೆ ಬಂತು ಅನ್ನತ್ತೆ. ಒಂದು ಹಾಳೆ ತೆರೆಯೋಕೆ ಕಾಫಿ ಕುದಿಸ್ಕೊಂಡು ಬರೋಷ್ಟು ಹೊತ್ತು. ವಿಂಡೋಸ್ ಬದಲು ಹಗುರವಾದ ಲಿನಕ್ಸ್ ಹಾಕೋಣ ಅಂತ ತೀರ್ಮಾನ ಮಾಡಿ ಲುಬುಂಟು ಅನ್ನೋ ಲಿನಕ್ಸಿನ 64 ಬಿಟ್ ಐಎಸ್ಒ (ಇನ್‌ಸ್ಟಾಲ್ ಮಾಡೋ ಫೈಲು) ಇಳಿಸಿದೆ, ರೂಫಸ್ ಅನ್ನೋ ಪ್ರೋಗ್ರಾಮಲ್ಲಿ ಪೆನ್‌ಡ್ರೈವಿಗೆ ಬರೆದೆ, ಚುಚ್ಚಿ ಆನ್ ಮಾಡ್ದೆ.

ಏನೂ ಆಗಲಿಲ್ಲ, ನೇರ ವಿಂಡೋಸ್ ಬಂತು. ಬಯಾಸ್ (ವಿಂಡೋಸ್ ಏಳೋಕೆ ಮುಂಚಿನ ಸೆಟ್ಟಿಂಗ್ ಪರದೆ) ಒಳಗೆ ಹೋಗಿ ಸೆಕ್ಯೂರ್ ಬೂಟ್ ಆಫ್, ಫಾಸ್ಟ್ ಬೂಟ್ ಆಫ್, ಬೂಟ್ ಆರ್ಡರ್‌ನಲ್ಲಿ ಯುಎಸ್‌ಬಿ ಮೇಲಕ್ಕೆ, ಎಲ್ಲರೂ ಹೇಳೋ ಅಷ್ಟೂ ಮಾಡ್ದೆ. ಬೂಟ್ ಮೆನುವಲ್ಲಿ ಪೆನ್‌ಡ್ರೈವ್ ಹೆಸರು ಕಾಣತ್ತೆ, ಎಂಟರ್ ಒತ್ತಿದ್ರೆ ಒಂದು ಕ್ಷಣ ಕಪ್ಪು ಪರದೆ, ಮತ್ತೆ ಅದೇ ಮೆನು. ಒಂದು ಎರರ್ ಇಲ್ಲ, ಒಂದು ಅಕ್ಷರ ಇಲ್ಲ. ನಂಗೆ ಸಿಟ್ಟು ಬಂದಿದ್ದೇ ಇದಕ್ಕೆ. ಏನು ತಪ್ಪಾಗಿದೆ ಅಂತ ಒಂದು ಸಾಲು ತೋರಿಸಿದ್ರೂ ಮನುಷ್ಯ ಅದನ್ನ ಹಿಡ್ಕೊಂಡು ಹುಡುಕ್ತಾನೆ, ಇದು ಬಾಯೇ ಬಿಡಲ್ಲ ಅಂದ್ರೆ ಎಲ್ಲಿಂದ ಶುರು ಮಾಡೋದು?

ಕುಶಾಲನಗರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿಯ ಹುಡುಗ ನೋಡಿದವನೇ "ಅಕ್ಕಾ, ಪೆನ್‌ಡ್ರೈವ್ ಹೋಗಿದೆ, ಹೊಸದು ತಗೊಳಿ" ಅಂದ. ತಗೊಂಡೆ. ಅದೂ ಹಾಗೇ. ಆಮೇಲೆ "ಐಎಸ್ಒ ಸರಿಯಾಗಿ ಇಳಿದಿಲ್ಲ" ಅಂದ. ಜುಲೈ ತಿಂಗಳ ನಮ್ಮ ನೆಟ್‌ವರ್ಕಲ್ಲಿ ಅಷ್ಟು ದೊಡ್ಡ ಫೈಲು ಇಳಿಸೋದು ಅಂದ್ರೆ ಏನು ಅಂತ ಈ ಕಡೆಯವರಿಗೆ ಗೊತ್ತು, ಕರೆಂಟ್ ಹೋದ್ರೆ ಟವರೂ ಹೋಗತ್ತೆ. ಆದ್ರೂ ಮತ್ತೆ ಇಳಿಸಿದೆ, ಫೈಲು ಸರಿಯಾಗಿ ಇಳಿದಿದೆಯಾ ಅಂತ ತಿಳಿಸೋ ಶಾ256 ಚೆಕ್‌ಸಮ್ ಕೂಡ ತಾಳೆ ನೋಡಿದೆ, ಅಕ್ಷರಕ್ಕೆ ಅಕ್ಷರ ಸರಿ ಇತ್ತು. ಕೊನೆಗೆ "ಯುಎಸ್‌ಬಿ ಪೋರ್ಟ್ ಹೋಗಿದೆ, ಬೋರ್ಡ್ ನೋಡ್ಬೇಕು" ಅಂದ್ರು. ಅದೇ ಪೋರ್ಟಲ್ಲಿ ವಿಂಡೋಸ್ ಒಳಗೆ ಪೆನ್‌ಡ್ರೈವ್ ಚೆನ್ನಾಗೇ ಓಡ್ತಿತ್ತು, ಹಾಗಾಗಿ ಬೋರ್ಡಿಗೆ ಕೈ ಹಾಕೋಕೆ ಬಿಡಲಿಲ್ಲ.

ಗಂಟು ಬಿಚ್ಚಿದ್ದು ಮೈಸೂರಲ್ಲಿ ಓದ್ತಿರೋ ನಮ್ಮ ಭಾವನ ಮಗ. ಫೋನಲ್ಲಿ ಎಲ್ಲಾ ಕೇಳಿಸ್ಕೊಂಡು, "ಚಿಕ್ಕಮ್ಮ, ವಿಂಡೋಸ್ ಸೆಟ್ಟಿಂಗ್ಸಲ್ಲಿ ಸಿಸ್ಟಮ್, ಅಬೌಟ್ ತೆಗೀರಿ, ಸಿಸ್ಟಮ್ ಟೈಪ್ ಮುಂದೆ ಏನಿದೆ ಓದಿ" ಅಂದ. ಓದಿದೆ: 32 ಬಿಟ್ ಆಪರೇಟಿಂಗ್ ಸಿಸ್ಟಮ್, ಎಕ್ಸ್64 ಪ್ರೊಸೆಸರ್. "ಹಾಂ, ಅಲ್ಲೇ ಇದೆ ನೋಡಿ" ಅಂದ.

ವಿಷಯ ಇಷ್ಟು. ಪ್ರೊಸೆಸರ್ ನಿಜಕ್ಕೂ 64 ಬಿಟ್, ಜಾಹೀರಾತು ಸುಳ್ಳಲ್ಲ. ಆದ್ರೆ ಮಿಷನ್ ಆನ್ ಆದ ತಕ್ಷಣ ಎದ್ದೇಳೋ ಯುಇಎಫ್ಐ ಫರ್ಮ್‌ವೇರ್ 32 ಬಿಟ್. 2014-15ರ ಹೊತ್ತಿಗೆ ಬಂದ ಈ ಅಗ್ಗದ ಮಿಷನ್‌ಗಳಲ್ಲಿ ರ‍್ಯಾಮೂ ಕಮ್ಮಿ ಜಾಗವೂ ಕಮ್ಮಿ ಅಂತ 32 ಬಿಟ್ ವಿಂಡೋಸ್ ಹಾಕಿದ್ರು, ಯುಇಎಫ್ಐ ಮೂಲಕ ವಿಂಡೋಸ್ ಏಳಬೇಕಾದ್ರೆ ಫರ್ಮ್‌ವೇರೂ ಅದೂ ಒಂದೇ ಬಿಟ್ಟಿನದಾಗಿರಬೇಕು, ಹಾಗಾಗಿ ಫರ್ಮ್‌ವೇರನ್ನೂ 32ಕ್ಕೆ ಇಟ್ಟುಬಿಟ್ರು. ಹಳೇ ಲೆಗಸಿ ಬಯಾಸ್ ಮೋಡೂ ಇದರಲ್ಲಿ ಕೊಟ್ಟಿಲ್ಲ, ಹಿಂಬಾಗಿಲಿಂದ ನುಗ್ಗೋಣ ಅಂದ್ರೆ ಅದೂ ಇಲ್ಲ. ಈ ಫರ್ಮ್‌ವೇರ್ ಪೆನ್‌ಡ್ರೈವಲ್ಲಿ ಹುಡುಕೋದು ಇಎಫ್ಐ ಫೋಲ್ಡರ್ ಒಳಗಿನ ಬೂಟ್ ಫೋಲ್ಡರಲ್ಲಿ ಬೂಟ್‌ಐಎ32.ಇಎಫ್ಐ ಅನ್ನೋ ಫೈಲನ್ನ. ನನ್ನ ಪೆನ್‌ಡ್ರೈವಲ್ಲಿ ಇದ್ದಿದ್ದು ಬೂಟ್‌ಎಕ್ಸ್64.ಇಎಫ್ಐ ಮಾತ್ರ. ತನ್ನ ಫೈಲು ಸಿಗಲಿಲ್ಲ, ಹೇಳದೇ ಕೇಳದೇ ವಾಪಸ್ ಬಂತು. ಪೆನ್‌ಡ್ರೈವ್ ಸರಿ, ಐಎಸ್ಒ ಸರಿ, ಪೋರ್ಟ್ ಸರಿ.

ಇದನ್ನ ಡಬ್ಬದ ಮೇಲೆ ಒಂದು ಸಾಲು ಬರೆದಿದ್ರೆ ಏನು ನಷ್ಟ ಆಗ್ತಿತ್ತು ಅಂತ ನಾನು ಇವತ್ತಿಗೂ ಕೇಳ್ತೀನಿ. 64 ಬಿಟ್ ಅಂತ ದಪ್ಪ ಅಕ್ಷರದಲ್ಲಿ ಹಾಕ್ತಾರೆ, ಫರ್ಮ್‌ವೇರ್ 32 ಅಂತ ಯಾವ ಮೂಲೆಯಲ್ಲೂ ಇಲ್ಲ. ಹೊಸ ಪೆನ್‌ಡ್ರೈವಿನ ದುಡ್ಡು, ಕುಶಾಲನಗರಕ್ಕೆ ಓಡಾಡಿದ ಬಸ್ ಚಾರ್ಜು ಎಲ್ಲ ಹೋಗ್ಲಿ, ಚೆನ್ನಾಗಿರೋ ಮಿಷನ್ನಿನ ಬೋರ್ಡ್ ಬಿಚ್ಚೋ ಹಂತಕ್ಕೆ ಹೋಗಿತ್ತಲ್ಲ. ಎಷ್ಟು ಜನ ಇದೇ ಕಾರಣಕ್ಕೆ ಗುಜರಿಗೆ ಹಾಕಿದ್ದಾರೋ.

ಪರಿಹಾರ ಮಾತ್ರ ಸುಲಭ. ಲಿನಕ್ಸಿನ ತಿರುಳಾದ ಕರ್ನಲ್‌ನಲ್ಲಿ 3.15ನೇ ಆವೃತ್ತಿಯಿಂದ, ಅಂದ್ರೆ 2014ರಿಂದಲೇ, 32 ಬಿಟ್ ಫರ್ಮ್‌ವೇರ್ ಮೇಲೆ 64 ಬಿಟ್ ಕರ್ನಲ್ ಏಳೋ ವ್ಯವಸ್ಥೆ ಇದೆ, ಮಿಕ್ಸೆಡ್ ಮೋಡ್ ಅಂತಾರೆ. ಡೆಬಿಯನ್ ಅನ್ನೋ ಇನ್ನೊಂದು ಲಿನಕ್ಸಿನವರು 2015ರ ಡೆಬಿಯನ್ 8ರಲ್ಲೇ ಎರಡೂ ಬಿಟ್ ಸೇರಿಸಿದ ಮಲ್ಟಿ ಆರ್ಕ್ ಐಎಸ್ಒ ಮಾಡಿ ಇಂಥ ಮಿಷನ್‌ಗಳಿಗೆ ದಾರಿ ಮಾಡಿಕೊಟ್ಟಿದ್ರು, ಅವರಿಗೆ ನನ್ನ ದೊಡ್ಡ ನಮಸ್ಕಾರ. ನಾವು ಮಾಡಿದ್ದು, ರೂಫಸ್‌ನಲ್ಲಿ ಐಎಸ್ಒ ಇದ್ದ ಹಾಗೇ ಅಚ್ಚೊತ್ತೋ ಡಿಡಿ ಮೋಡ್ ಬಿಟ್ಟು ಐಎಸ್ಒ ಮೋಡಲ್ಲಿ ಬರೆದು (ಆಗ ಪೆನ್‌ಡ್ರೈವ್ ಫ್ಯಾಟ್32 ಆಗಿರತ್ತೆ, ಒಳಗೆ ಫೈಲ್ ಹಾಕಬಹುದು), ಲಿನಕ್ಸನ್ನ ಎಬ್ಬಿಸೋ ಬೂಟ್‌ಲೋಡರ್ ಆದ ಗ್ರಬ್‌ನ ಬೂಟ್‌ಐಎ32.ಇಎಫ್ಐ ಫೈಲನ್ನ ಆ ಬೂಟ್ ಫೋಲ್ಡರಿಗೆ ಕಾಪಿ ಮಾಡಿದ್ವಿ. ಆನ್ ಮಾಡಿದ್ರೆ ಗ್ರಬ್ ಮೆನು ಬಂದೇ ಬಿಡ್ತು ಮಾರಾಯ್ರೆ. ಇಡೀ ಮಳೆಗಾಲ ಕಾದ ಮೆನು ಅದು, ನಂಗೆ ಆದ ಖುಷಿ ಹೇಳೋಕಾಗಲ್ಲ.

ಇಲ್ಲಿಗೆ ಮುಗೀತು ಅನ್ಕೊಬೇಡಿ. ಇನ್‌ಸ್ಟಾಲ್ ಕೊನೆಗೆ ಬೂಟ್‌ಲೋಡರ್ ಹಾಕೋ ಹಂತದಲ್ಲಿ ನಿಂತು ಹೋಗತ್ತೆ, ಕಾರಣ ಮತ್ತೆ ಅದೇ, 32 ಬಿಟ್ ಗ್ರಬ್ ಬೇಕು, ಐಎಸ್ಒನಲ್ಲಿ ಅದಿಲ್ಲ. ಪೆನ್‌ಡ್ರೈವಿಂದಲೇ ಮತ್ತೆ ಬೂಟ್ ಮಾಡಿ, ಹಾಕಿದ ಸಿಸ್ಟಮ್ ಒಳಗೆ ಸಿಎಚ್‌ರೂಟ್ ಮಾಡ್ಕೊಂಡು (ಅಂದ್ರೆ ಅದರೊಳಗೇ ಕೂತು ಕಮಾಂಡ್ ಕೊಡೋ ಹಾಗೆ) ಗ್ರಬ್-ಇಎಫ್ಐ-ಐಎ32 ಪ್ಯಾಕೇಜ್ ಹಾಕಿ, ಐ386-ಇಎಫ್ಐ ಟಾರ್ಗೆಟ್ ಕೊಟ್ಟು ಗ್ರಬ್ ಇನ್‌ಸ್ಟಾಲ್ ಮಾಡ್ಬೇಕು. ಹುಡುಗ ರಜೆಗೆ ಮನೆಗೆ ಬಂದಾಗ ಪಕ್ಕದಲ್ಲಿ ಕೂತು ನನ್ನ ಕೈಯಲ್ಲೇ ಮಾಡಿಸಿದ, ಈಗ ನಂಗೆ ಬರತ್ತೆ. "32 ಬಿಟ್ ಲಿನಕ್ಸೇ ಹಾಕ್ಬಿಡಿ, ತಲೆನೋವಿಲ್ಲ" ಅಂತ ಹೇಳೋರೂ ಇದಾರೆ. ನಾನು ಒಪ್ಪಲ್ಲ. ಉಬುಂಟು 2017ರಲ್ಲೇ 32 ಬಿಟ್ ಡೆಸ್ಕ್‌ಟಾಪ್ ಐಎಸ್ಒ ನಿಲ್ಲಿಸ್ತು, ಲಿನಕ್ಸಿಗೆ 32 ಬಿಟ್ ಕ್ರೋಮ್ 2016ರಲ್ಲೇ ನಿಂತಿದೆ, ಡೆಬಿಯನ್ 13ರಲ್ಲಿ 32 ಬಿಟ್ ಇನ್‌ಸ್ಟಾಲರೇ ಇಲ್ಲ. ಪ್ರೊಸೆಸರಿಗೆ ಶಕ್ತಿ ಇರುವಾಗ ಮುಚ್ಚಿ ಹೋಗ್ತಿರೋ ದಾರಿ ಯಾಕೆ ಹಿಡೀಬೇಕು?

ಮೊದಮೊದಲು ಆಗಾಗ ಹ್ಯಾಂಗ್ ಆಗ್ತಿತ್ತು, ಮೌಸೂ ಅಲುಗಾಡಲ್ಲ, ಪವರ್ ಬಟನ್ ಒತ್ತಿ ಹಿಡೀಬೇಕು. ಇದು ಬೇ ಟ್ರೇಲ್ ಮೇಲೆ ಲಿನಕ್ಸ್ ಓಡಿಸೋರಿಗೆಲ್ಲ ಗೊತ್ತಿರೋ ಸಿ-ಸ್ಟೇಟ್ (ಕೆಲಸ ಇಲ್ದಾಗ ಪ್ರೊಸೆಸರ್ ನಿದ್ದೆಗೆ ಜಾರೋ ಹಂತ) ತೊಂದರೆ. ಗ್ರಬ್ ಸೆಟ್ಟಿಂಗಲ್ಲಿ ಮ್ಯಾಕ್ಸ್ ಸಿ-ಸ್ಟೇಟ್ 1 ಅಂತ ಕೊಟ್ಟ ಮೇಲೆ ನಿಂತಿದೆ, ಬ್ಯಾಟರಿ ಸ್ವಲ್ಪ ಬೇಗ ಇಳಿಯತ್ತೆ. ವೈಫೈ ತಾನಾಗೇ ಸಿಕ್ತು. ಸೌಂಡ್ ಮಾತ್ರ ಇನ್ನೂ ಒಂದ್ಸಲ ಬರತ್ತೆ ಒಂದ್ಸಲ ಇಲ್ಲ, ನಂಗೆ ಹಾಡು ಕೇಳೋಕೆ ರೇಡಿಯೋ ಇದೆ, ನಿಮಗೆ ಮೀಟಿಂಗ್ ಗೀಟಿಂಗ್ ಇದ್ರೆ ಈ ಮಿಷನ್ ಬೇಡ.

ಈಗ ಇದು ನಂಗೆ ಯಾಕಿಷ್ಟು ಪ್ರೀತಿ ಅಂತ ಹೇಳ್ತೀನಿ. ಬೆಳಿಗ್ಗೆ ಎಂಟಕ್ಕೆ ಅಂಗಳದ ಮಳೆಮಾಪಕದ ನೀರು ಅಳೆದು ಬಂದು, ಕಾಫಿ ಲೋಟ ಪಕ್ಕದಲ್ಲಿಟ್ಟು ಮುಚ್ಚಳ ತೆರೀತೀನಿ. ಫ್ಯಾನಿಲ್ಲ, ಒಂಚೂರೂ ಸದ್ದಿಲ್ಲ. ಲಿಬ್ರೆ ಆಫೀಸ್ ಕ್ಯಾಲ್ಕ್‌ನಲ್ಲಿ ಇವತ್ತಿನ ತಾರೀಕಿನ ಮುಂದೆ ಸೆಂಟಲ್ಲಿ ಹಾಕ್ತೀನಿ, ನಮ್ಮ ಕಡೆ ತೋಟದವರ ಲೆಕ್ಕ ಹಾಗೇ, 100 ಸೆಂಟಿಗೆ ಒಂದು ಇಂಚು, ಪಕ್ಕದ ಕಾಲಮ್ಮಲ್ಲಿ 0.254ರಿಂದ ಗುಣಿಸಿ ಮಿಲಿಮೀಟರ್ ತಾನೇ ಬರತ್ತೆ. ಮಾವನವರು ವರ್ಷಗಟ್ಟಲೆ ಡೈರಿಯಲ್ಲಿ ಬರೆದಿಟ್ಟ ಮಳೆ ಇದೆ, ಕೆಲವು ಪುಟ ಬೂಸ್ಟು ಹಿಡಿದಿದೆ, ಮಧ್ಯಾಹ್ನ ಊಟ ಆದ್ಮೇಲೆ ಒಂದೊಂದೇ ತಿಂಗಳು ಅದನ್ನೂ ಏರಿಸ್ತಿದ್ದೀನಿ. ಮಾವ ಪಕ್ಕದಲ್ಲಿ ಕೂತು ಓದ್ತಾರೆ, ನಾನು ಟೈಪ್ ಮಾಡ್ತೀನಿ. 2018ರ ಆಗಸ್ಟ್ ಪುಟ ಬಂದಾಗ ಇಬ್ಬರೂ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ, ಆ ಮಳೆಯಲ್ಲಿ ಗುಡ್ಡ ಜರಿದು ಮನೆ ತೋಟ ಕಳ್ಕೊಂಡೋರು ನಮ್ಮ ಸುತ್ತಮುತ್ತಲೇ ಇದಾರೆ. ಕಾಫಿ ಹೂ ಅರಳಿಸೋ ಹೂಮಳೆ ಯಾವ ವರ್ಷ ಯಾವಾಗ ಬಿತ್ತು, ಆಮೇಲೆ ಕಾಯಿ ಕಟ್ಟೋಕೆ ಬೇಕಾದ ಬ್ಯಾಕಿಂಗ್ ಮಳೆ ಎಷ್ಟು ದಿನಕ್ಕೆ ಬಂತು ಅಂತ ಈಗ ಒಂದೇ ಹಾಳೆಯಲ್ಲಿ ನೋಡಬಹುದು, ಸ್ಪ್ರಿಂಕ್ಲರ್ ಯಾವಾಗ ಹಾಕ್ಬೇಕು ಅನ್ನೋ ಮಾತು ಬಂದಾಗ ಮಾವ "ಆ ಹಾಳೆ ತೆಗಿಯಮ್ಮ" ಅಂತಾರೆ.

ಕನ್ನಡ ಟೈಪ್ ಮಾಡೋಕೆ ಐಬಸ್, ಎಂ17ಎನ್ ಅನ್ನೋ ಪ್ರೋಗ್ರಾಮ್ ಹಾಕ್ಕೊಂಡು ಕೆಜಿಪಿ ಲೇಔಟ್ ಆರಿಸಿದೆ, ನುಡಿ ಅಭ್ಯಾಸ ಇರೋರಿಗೆ ಕೈ ತಡವರಿಸಲ್ಲ. ಗುಬ್ಬಿ ಫಾಂಟ್ ಆ ಸಣ್ಣ ಸ್ಕ್ರೀನಲ್ಲೂ ಚೆನ್ನಾಗಿ ಕಾಣತ್ತೆ. ಇನ್ನೊಂದು ದೊಡ್ಡ ಉಪಕಾರ ಅಂದ್ರೆ ನನ್ನ ಈ ಮಾಡೆಲ್ 5 ವೋಲ್ಟಲ್ಲಿ ಚಾರ್ಜ್ ಆಗತ್ತೆ, ಮರ ಬಿದ್ದು ದಿನಗಟ್ಟಲೆ ಕರೆಂಟ್ ಇಲ್ದಿದ್ರೂ ಪವರ್ ಬ್ಯಾಂಕಿಂದ ನಡೆಯತ್ತೆ. ದೊಡ್ಡ ಲ್ಯಾಪ್‌ಟಾಪ್ ಇರೋ ಪಕ್ಕದ ತೋಟದವರು ಆಗ ಸಂಬಳದ ಪಟ್ಟಿ ಕೈಯಲ್ಲೇ ಬರೀತಾರೆ.

ತಗೊಳ್ಳೋದಾದ್ರೆ ದುಡ್ಡು ಕೊಡೋಕೆ ಮುಂಚೆ ಆ ಸಿಸ್ಟಮ್ ಟೈಪ್ ಸಾಲು ಓದಿ. 32 ಬಿಟ್ ವಿಂಡೋಸ್, ಎಕ್ಸ್64 ಪ್ರೊಸೆಸರ್ ಅಂತಿದ್ದು ಒಳಗೆ ಬೇ ಟ್ರೇಲ್ ಇದ್ರೆ ಅದು ಹೆಚ್ಚುಕಮ್ಮಿ ಇದೇ ಜಾತಿ ಅಂತ ತಿಳ್ಕೊಳಿ. ಆಗ್ಲೇ ಲಿನಕ್ಸ್ ಓಡ್ತಿದ್ರೆ ಸಿಸ್ ಫೋಲ್ಡರ್, ಅದರೊಳಗೆ ಫರ್ಮ್‌ವೇರ್, ಅದರೊಳಗಿನ ಇಎಫ್ಐ ಫೋಲ್ಡರಲ್ಲಿ ಎಫ್‌ಡಬ್ಲ್ಯೂ_ಪ್ಲಾಟ್‌ಫಾರ್ಮ್_ಸೈಜ್ ಅನ್ನೋ ಫೈಲ್ ತೆರೆದ್ರೆ 32 ಅಥವಾ 64 ಅಂತ ಒಂದೇ ಸಂಖ್ಯೆ ಇರತ್ತೆ. 32 ಬಂದ್ರೂ ಹೆದರಬೇಡಿ, ಹತ್ತು ಸಾವಿರದ ಮೇಲೆ ಮಾತ್ರ ಕೊಡಬೇಡಿ. ಬೂಟ್‌ಐಎ32 ಹಾಕಿದ ಆ ಪೆನ್‌ಡ್ರೈವ್ ನಾನು ಅಳಿಸಿಲ್ಲ, ಸುಂಟಿಕೊಪ್ಪ, ಮಾದಾಪುರ ಕಡೆ ಯಾರದ್ದಾದ್ರೂ ಇಂಥದ್ದೇ ಮಿಷನ್ ಮೂಲೆಗೆ ಬಿದ್ದಿದ್ರೆ ಕೆಳಗೆ ಕೇಳಿ, ಕೊಡ್ತೀನಿ.