ಮಬ್ಬು ನೀರಿನ ಜಾಡಿ: ಪೋಲಿಶ್ ಅಂಗಡಿ ಮತ್ತು ಸೂಪರ್‌ಮಾರ್ಕೆಟ್, ಎರಡರದ್ದೂ ತಿಂದು ನೋಡಿದ ಮೇಲೆ

ಮೇಜಿನ ಮೇಲೆ ಸೌತೆಕಾಯಿ ಉಪ್ಪಿನಕಾಯಿಯ ಎರಡು ಜಾಡಿ ಇವೆ. ಒಂದರ ನೀರು ತಿಳಿಯಾಗಿದೆ, ಕಾಯಿಗಳು ಒಂದೇ ಅಳತೆಯಲ್ಲಿ ಸಾಲಾಗಿ ನಿಂತಿವೆ. ಇನ್ನೊಂದರ ನೀರು ಮಬ್ಬು, ತಳದಲ್ಲಿ ಬಿಳಿ ಗಸಿ, ಮೇಲೆ ಸಬ್ಬಸಿಗೆಯ ಒಂದು ದಪ್ಪ ದಂಟು. ಗೊತ್ತಿಲ್ಲದವರ ಕೈ ಮೊದಲು ಹೋಗುವುದು ತಿಳಿ ನೀರಿನ ಜಾಡಿಗೇ. ಮೊದಲ ಸಲ ನಾನೂ ಅದನ್ನೇ ತಂದಿದ್ದೆ. ಪೋಲೆಂಡಿನವರು ಅಷ್ಟೊಂದು ಹೊಗಳುವ ಸೌತೆಕಾಯಿ ಇಷ್ಟೇನಾ ಅನ್ನಿಸಿ ಬೇಜಾರಾಗಿತ್ತು. ನಾನು ತಂದಿದ್ದೇ ಬೇರೆ ಪದಾರ್ಥ ಅಂತ ತಿಳಿದಿದ್ದು ಆಮೇಲೆ.

ಅಂದಿನಿಂದ ಒಂದು ಅಭ್ಯಾಸ ಮಾಡಿಕೊಂಡೆ. ಒಂದೇ ತಿನಿಸನ್ನು ಸಣ್ಣ ಪೋಲಿಶ್ ಅಂಗಡಿಯಿಂದ ಒಂದು, ಸೂಪರ್‌ಮಾರ್ಕೆಟ್ಟಿನ ಹೊರದೇಶದ ತಿನಿಸುಗಳ ಸಾಲಿನಿಂದ ಒಂದು ತರುವುದು, ಎರಡನ್ನೂ ಅದೇ ದಿನ ತಿನ್ನುವುದು. ನಾನು ಮಾಂಸ ತಿನ್ನುವುದಿಲ್ಲ. ಹಾಗಾಗಿ ಪೋಲೆಂಡಿನ ಹೆಸರಾಂತ ಸಾಸೇಜುಗಳ ಬಗ್ಗೆ ಇಲ್ಲಿ ಏನೂ ಸಿಗುವುದಿಲ್ಲ.

ಮೊದಲು ಸೌತೆಕಾಯಿಯದ್ದೇ ಮುಗಿಸುತ್ತೇನೆ. ಪೋಲಿಶ್ ಭಾಷೆಯಲ್ಲಿ ಇವಕ್ಕೆ ಎರಡು ಹೆಸರಿದೆ. 'ಓಗುರ್ಕಿ ಕಿಶೋನೆ' ಅಂದರೆ ಬರೀ ಉಪ್ಪುನೀರಿನಲ್ಲಿ ತಾನಾಗಿಯೇ ಹುಳಿ ಬಂದದ್ದು. 'ಓಗುರ್ಕಿ ಕೊನ್ಸೆರ್ವೊವೆ' ಅಂದರೆ ವಿನೆಗರ್, ಸಕ್ಕರೆ ಹಾಕಿ ಇಟ್ಟದ್ದು. ಮೊದಲನೆಯದಕ್ಕೆ ಹುಳಿ ಕೊಡುವುದು ಬ್ಯಾಕ್ಟೀರಿಯಾ. ನೀರು ಮಬ್ಬಾಗುವುದೂ ಅದರಿಂದಲೇ, ಕೆಟ್ಟುಹೋಗಿ ಅಲ್ಲ. ಒಳಗೆ ಬೆಳ್ಳುಳ್ಳಿ, ಸಬ್ಬಸಿಗೆ, ಹಾರ್ಸ್‌ರ್ಯಾಡಿಶ್ ಬೇರು ಇರುತ್ತವೆ. ಕೆಲವರು ಓಕ್ ಅಥವಾ ಚೆರ್ರಿ ಎಲೆಯನ್ನೂ ಹಾಕುತ್ತಾರೆ. ಎಲೆಯ ಒಗರಿನಿಂದ ಕಾಯಿ ಮೆತ್ತಗಾಗದೆ ಗಟ್ಟಿಯಾಗಿ ಉಳಿಯುತ್ತದೆ.

ರುಚಿಯಲ್ಲಿ ಎರಡಕ್ಕೂ ಅಜಗಜಾಂತರ. ವಿನೆಗರ್‌ನದ್ದು ಬಾಯಿಗಿಟ್ಟ ತಕ್ಷಣ ಚುರ್ ಅನ್ನುತ್ತದೆ, ಹಿಂದೆಯೇ ಸಿಹಿ ಬರುತ್ತದೆ, ಅಲ್ಲಿಗೆ ಮುಗಿಯಿತು. ಕಿಶೋನೆ ಮೊದಲು ಉಪ್ಪು, ಆಮೇಲೆ ನಿಧಾನವಾಗಿ ಏರುವ ಹುಳಿ, ಕೊನೆಗೆ ಬೆಳ್ಳುಳ್ಳಿ. ನುಂಗಿದ ಮೇಲೂ ರುಚಿ ನಾಲಿಗೆಯಲ್ಲಿ ಕೂತಿರುತ್ತದೆ. ಸೂಪರ್‌ಮಾರ್ಕೆಟ್ಟಿನಲ್ಲಿ ನನಗೆ ಸಿಕ್ಕಿದ್ದು ಜಾಸ್ತಿ ವಿನೆಗರ್‌ನದ್ದೇ. ಅಪರೂಪಕ್ಕೆ ಕಿಶೋನೆ ಸಿಕ್ಕರೂ ಅದು ಪಾಶ್ಚರೀಕರಿಸಿದ್ದು, ಅಂದರೆ ಕೆಡದಂತೆ ಬಿಸಿ ಮಾಡಿದ್ದು. ಹುಳಿ ಸರಿಯಾಗಿಯೇ ಇರುತ್ತದೆ, ಆದರೆ ಕಾಯಿ ಸ್ವಲ್ಪ ಬೆಂದಂತೆ ಮೆತ್ತಗೆ. ಪೋಲಿಶ್ ಅಂಗಡಿಯ ಫ್ರಿಜ್ಜಿನಿಂದ ತಂದದ್ದು ಕಚ್ಚಿದರೆ ಕರುಂ ಅಂತ ಪಕ್ಕದ ಕೋಣೆಗೆ ಕೇಳಿಸುತ್ತದೆ.

ಜಾಡಿಯ ಹಿಂದೆ 'ಓತ್ಸೆತ್' ಎಂಬ ಪದ ಇದ್ದರೆ ವಿನೆಗರ್ ಇದೆ ಅಂತ ಅರ್ಥ. ಈ ಒಂದು ಪದ ಗೊತ್ತಿದ್ದರೆ ಸಾಕು. ಬೇಸಿಗೆಯಲ್ಲಿ ಹೋದರೆ 'ಮಾವೊಸೋಲ್ನೆ' ಇದೆಯಾ ಕೇಳಿ. ಕೆಲವೇ ದಿನ ಉಪ್ಪುನೀರಿನಲ್ಲಿಟ್ಟ ಎಳೆ ಕಾಯಿ ಅದು, ಒಳಗಿನ್ನೂ ಹಸಿ ಸೌತೆಕಾಯಿಯ ತಂಪು ಇರುತ್ತದೆ. ನಾನು ತಿಂದ ಎಲ್ಲ ಸೌತೆಕಾಯಿಗಳಲ್ಲಿ ಅದಕ್ಕೇ ಮೊದಲ ಸ್ಥಾನ.

ಜರ್ಮನಿಯ ಒಂದು ಜಾಡಿಯನ್ನೂ ಪಕ್ಕದಲ್ಲಿಟ್ಟು ನೋಡಿದೆ. ವಿನೆಗರ್‌ನಲ್ಲಿಟ್ಟದ್ದು, ಸಾಸಿವೆ ಕಾಳು ಹಾಕಿದ್ದು. ಸಿಹಿ, ಹುಳಿ ಎರಡೂ ಹದವಾಗಿದ್ದವು. ಸ್ಯಾಂಡ್‌ವಿಚ್ ಒಳಗೆ ಇಡಲು ಕಿಶೋನೆಗಿಂತ ಇದೇ ವಾಸಿ, ನೀರು ಬಿಟ್ಟು ಬ್ರೆಡ್ ಒದ್ದೆಯಾಗಲಿಲ್ಲ.

ಕೋಸಿನದ್ದೂ ಹೆಚ್ಚುಕಡಿಮೆ ಇದೇ ಕಥೆ. ಸೂಪರ್‌ಮಾರ್ಕೆಟ್ಟಿನಿಂದ ತಂದ ಡಬ್ಬಿಯ ಸಾವರ್‌ಕ್ರಾಟ್, ಅಂದರೆ ಹುಳಿ ಬರಿಸಿದ ಕೋಸು, ಮೆತ್ತಗೆ, ಹುಳಿಯೂ ಸೌಮ್ಯ. ಬಿಸಿ ಮಾಡಿ ಆಲೂಗಡ್ಡೆ ಜೊತೆ ತಿನ್ನಲು ಚೆನ್ನಾಗಿದೆ. ಪೋಲಿಶ್ ಅಂಗಡಿಯವರು ದೊಡ್ಡ ಡಬ್ಬದಿಂದ ತೂಗಿ ಕೊಟ್ಟ ಹುಳಿ ಕೋಸು 'ಕಪುಸ್ತಾ ಕಿಶೋನಾ'ದಲ್ಲಿ ಕ್ಯಾರೆಟ್ ತುರಿಯೂ ಇತ್ತು. ಅದನ್ನು ಬೇಯಿಸಲು ಮನಸ್ಸೇ ಬರಲಿಲ್ಲ. ಸೇಬು, ಈರುಳ್ಳಿ ಹೆಚ್ಚಿ ಹಾಕಿ, ಸ್ವಲ್ಪ ಎಣ್ಣೆ ಬೆರೆಸಿ ಹಸಿಯಾಗಿಯೇ ತಿಂದೆವು.

ಇನ್ನು ಪಿಯೆರೋಗಿ. ಮೈದಾ ಕಣಕ ಲಟ್ಟಿಸಿ, ಹೂರಣ ತುಂಬಿ, ಅರ್ಧಚಂದ್ರದ ಹಾಗೆ ಮಡಿಸಿ, ನೀರಿನಲ್ಲಿ ಬೇಯಿಸುವ ಕಡುಬು. ಮಾಂಸ ತಿನ್ನದವರಿಗೆ 'ರುಸ್ಕಿಯೆ' ಎಂಬ ಬಗೆ ಇದೆ. ಅದರಲ್ಲಿ ಆಲೂಗಡ್ಡೆ, ತ್ವಾರುಗ್ ಎಂಬ ಚೀಸು, ಹುರಿದ ಈರುಳ್ಳಿ ಇರುತ್ತದೆ. ಹೆಸರು ಕೇಳಿ ರಷ್ಯಾದ್ದು ಅಂದುಕೊಳ್ಳಬೇಡಿ. ಇದು ಬಂದಿದ್ದು ರುಥೇನಿಯಾ ಎಂಬ ಹಳೆಯ ಪ್ರದೇಶದ ಹೆಸರಿನಿಂದ, ಅದರ ಬಹುಭಾಗ ಇಂದು ಉಕ್ರೇನಿನಲ್ಲಿದೆ. 2022ರಲ್ಲಿ ಯುದ್ಧ ಶುರುವಾದ ಮೇಲೆ ಪೋಲೆಂಡಿನ ಕೆಲವು ಹೋಟೆಲುಗಳು ಇದನ್ನು 'ಉಕ್ರೇನಿನ ಪಿಯೆರೋಗಿ' ಅಂತಲೇ ಬರೆದುಕೊಂಡವು.

ಮೂರು ಬಗೆ ತಂದೆ: ಸೂಪರ್‌ಮಾರ್ಕೆಟ್ಟಿನ ಫ್ರೀಜರ್‌ನದ್ದು, ಪೋಲಿಶ್ ಅಂಗಡಿಯ ಫ್ರಿಜ್ಜಿನದ್ದು, ಉಕ್ರೇನಿನ ಇಂಥದ್ದೇ ಕಡುಬಾದ ವರೇನಿಕಿ. ಫ್ರೀಜರ್‌ನದ್ದರಲ್ಲಿ ತ್ವಾರುಗ್ ಬದಲು ಚೆಡ್ಡರ್ ಚೀಸ್ ಇತ್ತು. ಅಮೆರಿಕ, ಕೆನಡಾದ ಕಡೆ ಈ ರೂಢಿ ಇದೆ. ತಿನ್ನಲು ತಕರಾರಿಲ್ಲ, ಆದರೆ ಎಲ್ಲವೂ ಜಿಡ್ಡು ಜಿಡ್ಡಾಗಿ ಒಂದೇ ರುಚಿ. ಅಂಗಡಿಯ ರುಸ್ಕಿಯೆಯಲ್ಲಿ ತ್ವಾರುಗ್‌ನ ಸಣ್ಣ ಹುಳಿ ಆಲೂಗಡ್ಡೆಯ ಸಪ್ಪೆಯನ್ನು ಎತ್ತಿ ಹಿಡಿಯುತ್ತದೆ. ಮೆಣಸಿನ ಪುಡಿ ಧಾರಾಳವಾಗಿತ್ತು. ಕಣಕ ತೆಳುವಾಗಿದ್ದರೂ ಕುದಿಯುವ ನೀರಿನಲ್ಲಿ ಒಂದೂ ಬಾಯಿ ಬಿಡಲಿಲ್ಲ. ವರೇನಿಕಿಯಲ್ಲಿ ಆಲೂಗಡ್ಡೆಯದ್ದು ಸಾಧಾರಣ, ಆದರೆ ಹುಳಿ ಚೆರ್ರಿ ತುಂಬಿದ್ದು ಬೇರೆಯೇ ಲೋಕ. ಕಚ್ಚಿದಾಗ ಬಿಸಿ ಕೆಂಪು ರಸ ಹರಿಯುತ್ತದೆ, ಮೇಲೆ ತಣ್ಣಗಿನ ಹುಳಿ ಕ್ರೀಮ್. ಖಾರದ್ದಕ್ಕೆ ಪೋಲಿಶ್, ಸಿಹಿಗೆ ಉಕ್ರೇನ್ ಅಂತ ನಮ್ಮ ಮನೆಯಲ್ಲಿ ತೀರ್ಮಾನವಾಗಿದೆ.

ಬೇಯಿಸುವಾಗ ಫ್ರೀಜರ್‌ನದ್ದನ್ನು ಕರಗಿಸಬೇಡಿ, ಹಾಗೇ ಕುದಿಯುವ ಉಪ್ಪುನೀರಿಗೆ ಬಿಡಿ. ಮೇಲೆ ತೇಲಿದ ಮೇಲೆ ಇನ್ನೆರಡು ನಿಮಿಷ ಸಾಕು. ಉಳಿದದ್ದನ್ನು ಮಾರನೇ ದಿನ ಬೆಣ್ಣೆಯಲ್ಲಿ ಹೊಂಬಣ್ಣ ಬರುವ ತನಕ ಹುರಿಯಿರಿ. ನಿಜ ಹೇಳಬೇಕೆಂದರೆ ನಾನು ಮೊದಲ ದಿನವೇ ಜಾಸ್ತಿ ಬೇಯಿಸುವುದು ಈ ಮಾರನೇ ದಿನಕ್ಕಾಗಿ. ಮಾಂಸ ಬೇಡದವರು ಪೊಟ್ಟಣದ ಹಿಂದೆ 'ಸ್ಮಾಲೆತ್ಸ್' ಎಂಬ ಪದ ಇದೆಯಾ ನೋಡಬೇಕು, ಅದು ಹಂದಿ ಕೊಬ್ಬು. ಹೂರಣದಲ್ಲಿ ಮಾಂಸ ಇಲ್ಲದಿದ್ದರೂ ಈರುಳ್ಳಿಯನ್ನು ಅದರಲ್ಲಿ ಹುರಿದಿರಬಹುದು.

ತ್ವಾರುಗ್ ಬಗ್ಗೆ ಒಂದು ಮಾತು ಹೇಳಲೇಬೇಕು. ಪೋಲೆಂಡಿನ ಪೋಜ್ನಾನ್ ಕಡೆ ಬೇಯಿಸಿದ ಆಲೂಗಡ್ಡೆ ಜೊತೆ 'ಗ್ಜಿಕ್' ತಿನ್ನುತ್ತಾರೆ. ತ್ವಾರುಗ್‌ಗೆ ಹುಳಿ ಕ್ರೀಮ್, ಈರುಳ್ಳಿ ಸೊಪ್ಪು, ಉಪ್ಪು ಕಲಸಿದರೆ ಆಯಿತು. ಇದನ್ನು ಮೂರು ಬಟ್ಟಲಲ್ಲಿ ಮೂರು ಥರ ಮಾಡಿದೆ. ಸೂಪರ್‌ಮಾರ್ಕೆಟ್ಟಿನ ಕಾಟೇಜ್ ಚೀಸ್ ಕಾಳುಕಾಳಾಗಿ ಬೇರೆಯಾಗಿಯೇ ಉಳಿಯಿತು, ತಳದಲ್ಲಿ ನೀರು ನಿಂತಿತು. ಕ್ವಾರ್ಕ್ ಎಂಬ ಜರ್ಮನಿಯ ಮೆತ್ತನೆಯ ಚೀಸು ನುಣ್ಣಗೆ ಕೂಡಿಕೊಂಡಿತು, ಆದರೆ ತೀರಾ ತೆಳು, ಆಲೂಗಡ್ಡೆಯ ಮೇಲೆ ನಿಲ್ಲದೆ ಜಾರಿಹೋಯಿತು. ಕಾಗದದಲ್ಲಿ ಸುತ್ತಿದ ತ್ವಾರುಗ್ ಗಟ್ಟಿ ತುಂಡನ್ನು ಫೋರ್ಕಿನಲ್ಲಿ ಮುರಿದರೆ ಪುಡಿಪುಡಿಯಾಗುತ್ತದೆ, ಕ್ರೀಮ್ ಬಿದ್ದ ತಕ್ಷಣ ಒಂದಾಗುತ್ತದೆ, ಆದರೂ ಅಲ್ಲಲ್ಲಿ ಹರಳು ಬಾಯಿಗೆ ಸಿಗುತ್ತದೆ. ಕೊಳ್ಳುವಾಗ ಕೊಬ್ಬಿನ ಪ್ರಮಾಣ ನೋಡಿ. ಕೊಬ್ಬಿಲ್ಲದ್ದು ಬಾಯಲ್ಲಿ ಒಣಒಣ ಅನ್ನಿಸುತ್ತದೆ, ಅರ್ಧ ಕೊಬ್ಬಿನದ್ದು ನನಗೆ ಹಿಡಿಸಿತು. ತ್ವಾರುಗ್ ಸಿಗದಿದ್ದರೆ ಕ್ವಾರ್ಕನ್ನು ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ನೀರು ಸೋರಿಸಿ, ಸುಮಾರು ಹತ್ತಿರ ಬರುತ್ತದೆ.

ಸಿಹಿಯಲ್ಲಿ ಮಾತ್ರ ಎರಡು ಕಡೆಯೂ ಒಂದೇ. ಪ್ರಿನ್ಸ್ ಪೋಲೋ ವೇಫರ್ 1955ರಿಂದ ಇದೆ, ದೂರದ ಐಸ್‌ಲ್ಯಾಂಡಿನಲ್ಲೂ ಅದಕ್ಕೆ ಭಾರಿ ಅಭಿಮಾನಿಗಳಿದ್ದಾರೆ. ಎಲ್ಲಿ ಕೊಂಡರೂ ಅದೇ ಗರಿಗರಿ. ಕ್ರುಫ್ಕಿ ಎಂಬ ಹಾಲಿನ ಮಿಠಾಯಿ ಬೇಕಿದ್ದರೆ ಮಾತ್ರ ಪೋಲಿಶ್ ಅಂಗಡಿಗೇ ಹೋಗಿ. ಹೆಸರಿನ ಅರ್ಥ 'ಪುಟ್ಟ ಹಸುಗಳು'. ಅಲ್ಲಿ ಬಿಡಿಯಾಗಿ ತೂಗಿ ಕೊಡುತ್ತಾರೆ, ಮಾಲು ಬೇಗ ಖರ್ಚಾಗುತ್ತದೆ, ಹಾಗಾಗಿ ಹೊಸದೇ ಸಿಗುತ್ತದೆ. ಹೊಸದಾದರೆ ಹೊರಗೆ ಪುಡಿಯಾಗುವ ಸಕ್ಕರೆ ಪದರ, ನಡುವೆ ಇನ್ನೂ ಜಿನುಗುವ ಹಾಲಿನ ಪಾಕ. ಹಳೆಯದಾದರೆ ನಡುವಿನ ತನಕ ಗಟ್ಟಿ. ಕೊಳ್ಳುವ ಮುಂಚೆ ಕಾಗದದ ಮೇಲಿಂದಲೇ ಮೆಲ್ಲಗೆ ಒತ್ತಿ ನೋಡಿ, ಸ್ವಲ್ಪ ತಗ್ಗಿದರೆ ತಗೊಳ್ಳಿ.