ನೆಟ್‌ವರ್ಕ್, ಮಾರ್ಕೆಟ್, ರೆಸಿಡೆನ್ಸಿ: ರಂಗದವರಿಗೆ ಯಾವುದು?

ಹೊರದೇಶದ ರಂಗಕರ್ಮಿಗಳ ನಂಟು ಬೇಕು, ಆದರೆ ಯಾವ ದಾರಿ ಎಂದು ಕೇಳಿದ್ದೀರಿ. ಮೊದಲು ನಿಮ್ಮ ಕೈಯಲ್ಲಿ ಏನಿದೆ ನೋಡಿ.

ಸಿದ್ಧ ಪ್ರದರ್ಶನ ಇದ್ದರೆ ಮಾಂಟ್ರಿಯಲ್‌ನಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಸಿನಾರ್ಸ್‌ನಂಥ ಮಾರ್ಕೆಟ್, ಅಂದರೆ ಪ್ರದರ್ಶನಗಳನ್ನು ತೋರಿಸಿ ಮಾರುವ ಮೇಳ, ಸರಿ. ಪ್ರದರ್ಶನ ಕರೆಸಿಕೊಳ್ಳುವವರು ಅಲ್ಲೇ ಸಿಗುತ್ತಾರೆ. ಆದರೆ ಇಡೀ ತಂಡದ ಟಿಕೆಟ್, ವೀಸಾ, ಸಾಮಾನು ಸೇರಿದರೆ ಖರ್ಚು ಜಾಸ್ತಿ.

1981ರಲ್ಲಿ ಶುರುವಾದ, ಬ್ರಸೆಲ್ಸ್‌ನ ಐಇಟಿಎಂನಂಥ ನೆಟ್‌ವರ್ಕ್‌ನಲ್ಲಿ, ಅಂದರೆ ಹಲವು ದೇಶಗಳ ರಂಗದವರು ಸದಸ್ಯರಾಗಿ ಸೇರುವ ಕೂಟದಲ್ಲಿ, ಮಾತುಕತೆಯೇ ಮುಖ್ಯ. ತಂಡದಿಂದ ಒಬ್ಬರು ಹೋದರೂ ನಡೆಯುತ್ತದೆ. ಫಲ ಮಾತ್ರ ನಿಧಾನ. ಇಂಗ್ಲಿಷ್ ಸಲೀಸಾಗಿ ಬಾರದವರು ಮೂಲೆಗೆ ಸರಿಯುವ ಅಪಾಯವೂ ಉಂಟು.

ರೆಸಿಡೆನ್ಸಿಯಲ್ಲಿ, ಅಂದರೆ ಒಂದೇ ಕಡೆ ಕೆಲ ಕಾಲ ಉಳಿದು ಕೆಲಸ ಮಾಡುವಾಗ, ಪರಿಚಯ ಕೆಲವೇ ಜನರದ್ದು, ಆದರೆ ಗಟ್ಟಿ. ಕೆಲವು ಕಡೆ ಕರೆದವರೇ ಖರ್ಚು ಕೊಡುತ್ತಾರೆ. ಆನ್ ದ ಮೂವ್ ಎಂಬ ವೆಬ್‌ಸೈಟ್‌ನಲ್ಲಿ ಇಂಥ ಅವಕಾಶಗಳನ್ನು ಪುಕ್ಕಟೆಯಾಗಿ ಹುಡುಕಬಹುದು.

ಅಂಗವೈಕಲ್ಯ ಇರುವವರಿಗೆ ನಾನು ರೆಸಿಡೆನ್ಸಿಯನ್ನೇ ಮೊದಲು ಹೇಳುತ್ತೇನೆ. ದೊಡ್ಡ ಸಭೆಯ ಗದ್ದಲ, ಓಡಾಟ ಅಲ್ಲಿಲ್ಲ, ಅಲ್ವಾ? ಯಾವುದೇ ಆಗಲಿ, 'ಆಕ್ಸೆಸ್ ರೈಡರ್', ಅಂದರೆ ನಿಮಗೆ ಬೇಕಾದ ಅನುಕೂಲಗಳ ಪಟ್ಟಿ, ಒಂದು ಬರೆದಿಟ್ಟುಕೊಳ್ಳಿ: ರ‍್ಯಾಂಪ್, ಸನ್ನೆ ಭಾಷೆಯ ದುಭಾಷಿ, ಜೊತೆಗಾರರ ಟಿಕೆಟ್, ನಡುವೆ ವಿರಾಮ. ಶುಲ್ಕ ಕಟ್ಟುವ ಮುಂಚೆಯೇ ಅದನ್ನು ಸಂಘಟಕರಿಗೆ ಕಳಿಸಿ ಉತ್ತರ ಕೇಳಿ.