ಸವೆದದ್ದು ಕ್ಲೀಟ್, ನಾನು ಬಿಗಿ ಮಾಡಿದ್ದು ಸ್ಪ್ರಿಂಗ್

ಬಲಗೈ ಮಣಿಕಟ್ಟಿಗೆ ಪ್ಲಾಸ್ಟರ್ ಇರುವುದರಿಂದ ಇದನ್ನು ಎಡಗೈ ಹೆಬ್ಬೆರಳಲ್ಲಿ ಕುಟ್ಟುತ್ತಿದ್ದೇನೆ, ಕಾಗುಣಿತ ತಪ್ಪಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಕ್ಲಿಪ್‌ಲೆಸ್ ಪೆಡಲಿನವರು (ಶೂ ತಳಕ್ಕೆ ಬೋಲ್ಟ್ ಮಾಡಿದ ಕ್ಲೀಟ್ ಎಂಬ ತುಂಡನ್ನು ಕಚ್ಚಿ ಹಿಡಿಯುವ ಪೆಡಲ್ ಇದು) ಮುಂದೆ ಓದುವ ಮೊದಲು ಒಮ್ಮೆ ಎದ್ದು ಹೋಗಿ ನಿಮ್ಮ ಸೈಕ್ಲಿಂಗ್ ಶೂ ಮಗುಚಿ ತಳ ನೋಡಿ ಬನ್ನಿ. ಎಡಗಾಲಿನದ್ದನ್ನು ಮೊದಲು ನೋಡಿ. ಯಾಕೆಂದು ಹೇಳ್ತೇನೆ.

ಭಾನುವಾರ ಬೆಳಕು ಹರಿಯುವ ಮೊದಲು ಮಂಗಳೂರಿನಿಂದ ಹೊರಟು ಕಾಪುವಿಗೆ ಹೋಗಿ ಬರುವುದು ನನ್ನ ಹಳೆಯ ಚಟ. ಹೋದವನು ದೀಪಸ್ತಂಭದ ಬಂಡೆ ಹತ್ತದೆ ಬಂದದ್ದಿಲ್ಲ. 1901ರಿಂದ ಅಲ್ಲೇ ನಿಂತ ದೀಪಸ್ತಂಭಕ್ಕೆ ಏನೂ ಆಗಿಲ್ಲ, ಆದರೆ ಆ ಕಲ್ಲಿನ ಮೇಲೆ ಕ್ಲೀಟ್ ಹಾಕಿಕೊಂಡೇ ಟಕಟಕ ನಡೆದ ನನ್ನ ಶೂ ತಳ ಅರೆದು ಹೋಯಿತು. ಕ್ಲೀಟ್ ಸವೆಯುವುದು ತುಳಿಯುವುದರಿಂದಲ್ಲ, ನಡೆಯುವುದರಿಂದ. ಹಾಗಾಗಿ ಎಷ್ಟು ಕಿಲೋಮೀಟರ್ ಓಡಿದೆ ಎಂಬ ಲೆಕ್ಕ ಹಿಡಿದು ಕೂತರೆ ಮೋಸ ಹೋಗುತ್ತೀರಿ.

ಮಳೆಗಾಲ ಮುಗಿದ ಮೇಲೆ ಎಡಗಾಲಿನ ಪೆಡಲ್ ಕಚ್ಚುವಾಗ ಬರುತ್ತಿದ್ದ ಗಟ್ಟಿ 'ಟಕ್' ಶಬ್ದ ಮೆತ್ತಗಾಯಿತು. ಕಾಲು ಕೂತಿತೋ ಇಲ್ಲವೋ ಎಂದು ಎರಡೆರಡು ಸಲ ಒತ್ತಬೇಕಿತ್ತು. ಕದ್ರಿ ಏರಿನಲ್ಲಿ ಎದ್ದು ತುಳಿಯುವಾಗ ಒಮ್ಮೆ ಪಾದ ಜಾರಿ ಹೊರಬಂತು. ಸೈಕಲ್ ಅಂಗಡಿಯೊಂದರಲ್ಲಿ ತೋರಿಸಿದರೆ, "ಇದು ಇನ್ನೂ ಒಂದು ವರ್ಷ ಬರ್ತದೆ, ಸ್ಪ್ರಿಂಗ್ ಲೂಸ್ ಆಗಿರಬೇಕು, ಸ್ವಲ್ಪ ಟೈಟ್ ಮಾಡಿ" ಎಂದರು. ಖರ್ಚು ಉಳಿಯಿತೆಂದು ಖುಷಿಯಲ್ಲಿ ಮನೆಗೆ ಬಂದು ಎರಡೂ ಪೆಡಲಿನ ಸ್ಕ್ರೂ ತಿರುಗಿಸಿ ಸ್ಪ್ರಿಂಗ್ ಬಿಗಿ ಮಾಡಿದೆ. ಅವರನ್ನು ದೂರಿ ಏನು ಪ್ರಯೋಜನ, ತಿರುಗಿಸಿದ ಕೈ ನನ್ನದೇ.

ಕ್ಲೀಟಿನ ಮೂತಿ ಪೆಡಲಿನ ಮುಂದಿನ ತುಟಿಯೊಳಗೆ ತೂರುತ್ತದೆ, ಹಿಂಬದಿಯನ್ನು ಸ್ಪ್ರಿಂಗಿನ ಕೊಕ್ಕೆ ಹಿಡಿಯುತ್ತದೆ. ಹಿಮ್ಮಡಿ ಹೊರಕ್ಕೆ ತಿರುಚಿದರೆ ಕೊಕ್ಕೆ ಬಿಡುತ್ತದೆ. ಸವೆದ ಮೂತಿಗೆ ಸ್ಪ್ರಿಂಗ್ ಎಷ್ಟು ಬಿಗಿಯಾದರೂ ಒಂದೇ, ಅದು ಹಿಡಿಯುವುದು ಹಿಂದೆ ಮಾತ್ರ. ನಾನು ಮಾಡಿದ್ದೇನೆಂದರೆ, ಸವೆದ ಎಡಗಾಲನ್ನು ಹಾಗೇ ಬಿಟ್ಟು, ಚೆನ್ನಾಗಿದ್ದ ಬಲಗಾಲಿಗೆ ಬೀಗ ಹಾಕಿದ್ದು.

ಮರುವಾರ ಕಾಪುವಿನಿಂದ ಹಿಂದೆ ಬರುವಾಗ ಪಣಂಬೂರು ದಾಟಿ ಕೂಳೂರು ಸೇತುವೆಗೆ ಮೊದಲು ವಾಹನಗಳ ಸಾಲು. ಎಡಗಾಲು ಊರಿ ನಿಂತೆ. ಸಾಲು ಕದಲಿತು, ಎಡ ಪೆಡಲ್ ಒತ್ತಿದೆ, ಕೂತಿತೆಂದೇ ತಿಳಿದು ಎದ್ದು ತುಳಿದೆ. ಬಲಗಾಲು ಕೆಳಗೆ, ಎಡಗಾಲು ಮೇಲಕ್ಕೆ ಎಳೆದದ್ದೇ ತಡ, ಎಡಗಾಲು ಗಾಳಿಯಲ್ಲಿ! ಭಾರವೆಲ್ಲ ಬಲಕ್ಕೆ ವಾಲಿತು, ಬಲಗಾಲು ಎಷ್ಟು ತಿರುಚಿದರೂ ಬಿಡಲಿಲ್ಲ. ಸೈಕಲ್ ಸಮೇತ ಮರ ಉರುಳಿದ ಹಾಗೆ ರಸ್ತೆಯ ನಡುವಿನ ಕಡೆಗೆ ಬಿದ್ದೆ. ಹಿಂದೆ ಟ್ಯಾಂಕರ್ ಇತ್ತು. ಅದು ಆಗಷ್ಟೇ ಹೊರಟಿದ್ದರಿಂದ ಬ್ರೇಕ್ ಹಿಡಿಯಿತು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಎತ್ತಲು ಓಡಿ ಬಂದ ರಿಕ್ಷಾದವರು ಪೆಡಲಿಗೆ ಅಂಟಿದ್ದ ನನ್ನ ಕಾಲು ನೋಡಿ, "ಇದೆಂತ ಮಾರಾಯ್ರೆ, ಕಾಲನ್ನು ಸೈಕಲಿಗೆ ಕಟ್ಟಿಕೊಂಡು ಬರುವುದಾ?" ಎಂದರು. ಉತ್ತರ ಹೊಳೆಯಲಿಲ್ಲ.

ನಮ್ಮಲ್ಲಿ ವಾಹನ ಎಡಕ್ಕೆ ಹೋಗುವುದರಿಂದ ಸಿಗ್ನಲಿನಲ್ಲಿ ಊರುವುದು ಹೆಚ್ಚಾಗಿ ಎಡಗಾಲು, ಮೊದಲು ಸವೆಯುವುದೂ ಎಡಗಾಲಿನದ್ದೇ. ಅದು ಕೈಕೊಟ್ಟಾಗ ಬೀಳುವುದು ಮಾತ್ರ ಬಲಕ್ಕೆ, ಅಂದರೆ ಬಸ್ಸು ಲಾರಿಗಳ ಕಡೆಗೆ. ಮಲಗಿಕೊಂಡು ಯೋಚಿಸಲು ಬೇಕಾದಷ್ಟು ಸಮಯ ಸಿಕ್ಕಿದ್ದರಿಂದ ಇದೆಲ್ಲ ಹೊಳೆದದ್ದು.

ನನ್ನದು ಶಿಮಾನೊ ಕಂಪನಿಯ ಎಸ್‌ಪಿಡಿ-ಎಸ್‌ಎಲ್, ಅಂದರೆ ಮೂರು ಬೋಲ್ಟಿನ, ಹಳದಿ ತುದಿಯ ಕ್ಲೀಟ್. ಆ ಹಳದಿ ಸವೆದು ಅಡಿಯ ಕಪ್ಪು ಕಂಡಿತೆಂದರೆ ಬದಲಿಸುವ ಹೊತ್ತಾಯಿತು. ನನ್ನ ಎಡಗಾಲಿನದ್ದರಲ್ಲಿ ಹಳದಿ ಎನ್ನುವುದು ಇರಲೇ ಇಲ್ಲ, ಮೂತಿಯ ಅಂಚು ಬಾಯಲ್ಲಿಟ್ಟು ಚೀಪಿದ ಪೆಪ್ಪರಮಿಂಟಿನಂತೆ ನುಣ್ಣಗಾಗಿತ್ತು. ಎರಡು ಬೋಲ್ಟಿನ ಲೋಹದ ಎಸ್‌ಪಿಡಿ ಕ್ಲೀಟಿಗೆ ಇಂಥ ಬಣ್ಣದ ಗುರುತಿಲ್ಲ. ಅದು ಹೆಚ್ಚು ಬಾಳಿಕೆ ಬರುತ್ತದೆ ನಿಜ, ಆದರೆ ಅಂಚು ಉರುಟಾಗಿದೆಯಾ ಎಂದು ಬೆರಳಾಡಿಸಿಯೇ ನೋಡಬೇಕು. ಪೆಡಲಿನೊಳಗೆ ಶೂ ಅಕ್ಕಪಕ್ಕ ಕುಲುಕಾಡುವುದು, ಕಾಲು ತಾನಾಗಿ ಕಳಚುವುದು, ಶಬ್ದ ಬದಲಾಗುವುದು, ಇದರಲ್ಲಿ ಒಂದು ಕಂಡರೂ ಸ್ಪ್ರಿಂಗ್ ಮುಟ್ಟಬೇಡಿ.

ಬದಲಿಸುವುದು ಕಷ್ಟವಲ್ಲ, ನಮ್ಮ ಕರಾವಳಿಯ ಹೊಯಿಗೆ ಮತ್ತು ಉಪ್ಪುಗಾಳಿ ಅದನ್ನು ಕಷ್ಟ ಮಾಡುತ್ತವೆ. ಮಗನ ಕೈಯಲ್ಲಿ ಬಿಚ್ಚಿಸಿದೆ. ಮೂರು ಬೋಲ್ಟಿನ ತಲೆಯಲ್ಲೂ ಕೆಂಪು ಮಣ್ಣು ಗಟ್ಟಿಯಾಗಿ ಕೂತಿತ್ತು. ಅವನು ಹಾಗೇ ಅಲೆನ್ ಕೀ ತುರುಕಿ ತಿರುಗಿಸಿದ, ಒಂದರ ತಲೆ ಉರುಟಾಯಿತು, ಅದನ್ನು ತೆಗೆಸಲು ಲೇತ್ ಅಂಗಡಿಗೆ ಹೋಗಬೇಕಾಯಿತು. ಮೊದಲು ಸೂಜಿಯಿಂದ ಮಣ್ಣು ಕೆದಕಿ, ನಂತರ ಕೀಲಿ ಪೂರ್ತಿ ಇಳಿದಿದೆಯಾ ನೋಡಿ. ಬಿಚ್ಚುವ ಮೊದಲು ಹಳೆಯ ಕ್ಲೀಟಿನ ಸುತ್ತ ಮಾರ್ಕರಿನಿಂದ ಗೆರೆ ಎಳೆದುಕೊಳ್ಳಿ, ಇಲ್ಲವಾದರೆ ಪಾದದ ಕೋನ ತಪ್ಪಿ ಮೊಣಗಂಟು ಮಾತಾಡುತ್ತದೆ. ಹೊಸ ಬೋಲ್ಟಿನ ಎಳೆಗೆ ತುಸು ಗ್ರೀಸ್ ಹಚ್ಚಿ. ತೆಂಗಿನೆಣ್ಣೆ ಬೇಡ, ಅದು ತಲೆಗೆ. ಬಿಗಿಗೆ ಶಿಮಾನೊ ಹೇಳುವುದು 5ರಿಂದ 6 ನ್ಯೂಟನ್ ಮೀಟರ್. ಮೊದಲ ಸವಾರಿಯ ನಂತರ ಮತ್ತೊಮ್ಮೆ ಬಿಗಿ ನೋಡಿ. ಬೋಲ್ಟ್ ಕಳಚಿ ಬಿದ್ದರೆ ಶೂ ತಿರುಗುತ್ತದೆ, ಕ್ಲೀಟ್ ತಿರುಗುವುದಿಲ್ಲ, ಕಾಲು ಪೆಡಲಿಗೇ ಸೆರೆ. ಒಂದೇ ಕಾಲಿನದ್ದು ಸವೆದಿದ್ದರೂ ಜೊತೆಯಾಗಿಯೇ ಬದಲಿಸಿ, ಮಾರುವುದೂ ಜೊತೆಯಾಗಿಯೇ.

ನಿನ್ನೆ ನನ್ನನ್ನು ನೋಡಲು ಜೊತೆಗೆ ತುಳಿಯುವ ಗೆಳೆಯ ಸೈಕಲಿನಲ್ಲೇ ಬಂದಿದ್ದ. ಅವನು ಒಳಗೆ ಕಾಫಿ ಕುಡಿಯುತ್ತಿದ್ದಾಗ ಜಗಲಿಯಲ್ಲಿ ಬಿಟ್ಟಿದ್ದ ಅವನ ಎಡಗಾಲಿನ ಶೂ ಮಗುಚಿ ನೋಡಿದೆ. ಕಪ್ಪು. ಕರೆದು ತೋರಿಸಿದರೆ, "ಈ ತಿಂಗಳು ಒಂದು ಕಳೆಯಲಿ ಮಾರಾಯ" ಎಂದ. ಆಗಲಿ. ಪ್ಲಾಸ್ಟರ್ ಬಿಚ್ಚಿದ ಮೇಲೂ ಅಲ್ಲಿಯವರೆಗೆ ಅವನ ಬಲಬದಿಗೆ ಮಾತ್ರ ನಾನು ಹೋಗುವುದಿಲ್ಲ.